ಹಿತ್ತಲಿನ ಹಕ್ಕಿಗಳ ಲೆಕ್ಕ ಬರೆದವರು



ಪ್ರತಿ ವರ್ಷ ಮಾರ್ಚ್ 20ರಂದು ವಿಶ್ವ ಗುಬ್ಬಚ್ಚಿ ದಿನ ಬರುತ್ತದೆ. ಆ ದಿನ ಪ್ರಾರ್ಥನೆಯ ನಂತರ ನಾವೂ ಮಕ್ಕಳಿಗೆ ನಾಲ್ಕು ಮಾತು ಹೇಳುತ್ತೇವೆ. "ಮೊಬೈಲ್ ಟವರ್ ಬಂದವು, ಗುಬ್ಬಿಗಳು ಹೋದವು" ಎಂದು ಎಷ್ಟೋ ವರ್ಷ ಹೇಳುತ್ತಲೇ ಬಂದೆವು. ಒಮ್ಮೆ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಮುಂಚೆ ನಮ್ಮೂರಾಗ ಎಷ್ಟು ಗುಬ್ಬಿ ಇದ್ದುವು ಸಾರ್? ಈಗ ಎಷ್ಟು ಅದಾವು?" ಎಂದು ಕೇಳಿಬಿಟ್ಟಳು. ನಮ್ಮಲ್ಲಿ ಉತ್ತರ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಹಿರಿಯರನ್ನು ಕೇಳಿದೆವು. "ಬಾಳ ಇದ್ದುವು" ಎಂದರು. ಬಾಳ ಅಂದರೆ ಎಷ್ಟು? ಯಾರೂ ಬರೆದಿಟ್ಟಿರಲಿಲ್ಲ. ಲೆಕ್ಕವೇ ಇಲ್ಲದೆ ನಾವು ಅಷ್ಟು ವರ್ಷ ಪಾಠ ಮಾಡಿದ್ದೆವು!

ನಮ್ಮ ಆದವಾನಿ, ಆಲೂರು ತಾಲ್ಲೂಕುಗಳು ಮೊದಲು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು ಎಂಬುದು ನಿಮಗೆ ಗೊತ್ತೇ ಇದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಕರ್ನೂಲು ಜಿಲ್ಲೆಗೆ ಸೇರಿದವು. ಬ್ರಿಟಿಷರ ಕಾಲದಲ್ಲಿ, 1904ರಲ್ಲಿ, ಡಬ್ಲ್ಯು. ಫ್ರಾನ್ಸಿಸ್ ಎಂಬ ಅಧಿಕಾರಿ ಬಳ್ಳಾರಿ ಜಿಲ್ಲೆಯ ಗೆಜೆಟಿಯರ್ ಬರೆದರು. ಅದರಲ್ಲಿ ನಮ್ಮ ಕಡೆಯ ಊರು, ಬೆಳೆ, ಬರಗಾಲಗಳ ವಿಷಯ ಸಿಗುತ್ತದೆ. ಆದರೆ ಹಿತ್ತಲಿಗೆ ಬರುವ ಗುಬ್ಬಿ, ಗೊರವಂಕಗಳನ್ನು ಯಾರು ಎಣಿಸುತ್ತಾರೆ? ಆ ಕಾಲದಲ್ಲಿ ಹಕ್ಕಿಗಳ ಬಗ್ಗೆ ಬರೆದವರು ಹೆಚ್ಚಾಗಿ ಸೈನ್ಯದ ವೈದ್ಯರು, ದೊಡ್ಡ ಅಧಿಕಾರಿಗಳು, ಬೇಟೆಯ ಹವ್ಯಾಸದವರು. ಅವರ ಕಣ್ಣು ಅಪರೂಪದ ಹಕ್ಕಿಗಳ ಮೇಲೆ.

ಅಪರೂಪದ ಹಕ್ಕಿಯ ಲೆಕ್ಕವೂ ತಪ್ಪಿದ್ದುಂಟು. ಜೆರ್ಡನ್ ಎಂಬ ಸೈನ್ಯದ ವೈದ್ಯರು ಈ ಸೀಮೆಯ ಕುರುಚಲು ಕಾಡಿನಲ್ಲಿ ಕಂಡ ಒಂದು ಹಕ್ಕಿಯನ್ನು ಎಡ್ವರ್ಡ್ ಬ್ಲೈತ್ 1848ರಲ್ಲಿ ವಿಜ್ಞಾನ ಲೋಕಕ್ಕೆ ಪರಿಚಯಿಸಿದರು. ತೆಲುಗಿನಲ್ಲಿ ಅದು ಕಲಿವಿಕೋಡಿ. 1900ರಲ್ಲಿ ಅನಂತಪುರದ ಹತ್ತಿರ ಕಂಡದ್ದೇ ಕೊನೆ, ಆಮೇಲೆ ದಾಖಲೆಯೇ ಇಲ್ಲ. ಆ ಹಕ್ಕಿ ನಾಶವಾಯಿತೆಂದೇ ತಿಳಿದಿದ್ದರು. 1986ರ ಜನವರಿಯಲ್ಲಿ ಕಡಪ ಜಿಲ್ಲೆಯಲ್ಲಿ ಅದು ಮತ್ತೆ ಸಿಕ್ಕಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಹುಡುಕುತ್ತಿದ್ದರು. ರಾತ್ರಿ ಬೆಳಕು ಹಿಡಿದು ಅದನ್ನು ಹಿಡಿದು ತಂದವರು ಸ್ಥಳೀಯರು. ಊರವರಿಗೆ ಗೊತ್ತಿದ್ದದ್ದು ಪುಸ್ತಕಕ್ಕೆ ಬರಲು 86 ವರ್ಷ ಹಿಡಿಯಿತು ನೋಡಿ!

ಹಾಗಾದರೆ ಮನೆಯ ಸುತ್ತಮುತ್ತಲಿನ ಜೀವಿಗಳನ್ನು ಯಾರೂ ನೋಡಲೇ ಇಲ್ಲವೇ? ನೋಡಿದವರೂ ಇದ್ದರು. ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್ ಎಂಬವರು ಮುಂಬಯಿ ಪ್ರಾಂತ್ಯದ ಸುಂಕ ಮತ್ತು ಉಪ್ಪಿನ ಇಲಾಖೆಯ ನೌಕರರು, ನಮ್ಮ ಉತ್ತರ ಕನ್ನಡದಲ್ಲೂ ಕೆಲಸ ಮಾಡಿದವರು. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದ ಎಂಟು ಜನರಲ್ಲಿ ಅವರೂ ಒಬ್ಬರು. ಅದೇ ವರ್ಷ ಬಂದ ಅವರ 'ದಿ ಟ್ರೈಬ್ಸ್ ಆನ್ ಮೈ ಫ್ರಾಂಟಿಯರ್' ಪುಸ್ತಕದಲ್ಲಿ ಹುಲಿ ಬೇಟೆ ಇಲ್ಲ. ಬಂಗಲೆಯೊಳಗಿನ ಇಲಿ, ಹಲ್ಲಿ, ಇರುವೆ, ಸೊಳ್ಳೆ, ಕಾಗೆಗಳೇ ಅದರ ನಾಯಕರು.

ಸಲೀಂ ಅಲಿಯವರ ಉದಾಹರಣೆ ಇನ್ನೂ ಚೆನ್ನ. ಅವರು 1930ರಲ್ಲಿ ಜರ್ಮನಿಯಿಂದ ವಾಪಸು ಬಂದಾಗ ಮ್ಯೂಸಿಯಂನಲ್ಲಿದ್ದ ಕೆಲಸ ಹೋಗಿತ್ತು. ಮುಂಬಯಿಗೆ ಎದುರಿನ ಕಿಹಿಂ ಎಂಬ ಕಡಲತೀರದ ಊರಲ್ಲಿ ಹೋಗಿ ಇದ್ದರು. ಮನೆಯ ಹತ್ತಿರವೇ ಗೀಜಗಗಳು ಗೂಡು ಕಟ್ಟುತ್ತಿದ್ದವು. ಮಳೆಗಾಲವಿಡೀ ಕುಳಿತು ನೋಡಿದ್ದನ್ನೆಲ್ಲ ಬರೆದುಕೊಂಡರು. ಗಂಡು ಹಕ್ಕಿ ಅರ್ಧ ಗೂಡು ಕಟ್ಟುತ್ತದೆ, ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಪೂರ್ತಿ ಮಾಡುತ್ತದೆ, ಆಮೇಲೆ ಇನ್ನೊಂದು ಗೂಡು ಶುರು ಮಾಡುತ್ತದೆ ಎಂಬ ವಿಷಯವನ್ನು 1931ರಲ್ಲಿ ಪ್ರಕಟಿಸಿದರು. ಕೆಲಸ ಕಳೆದುಕೊಂಡ ವರ್ಷದಲ್ಲಿ ಮನೆ ಪಕ್ಕದ ಹಕ್ಕಿ ನೋಡಿ ಬರೆದ ಬರಹ ಅವರಿಗೆ ದೊಡ್ಡ ಹೆಸರು ತಂದಿತು.

ಇವರೆಲ್ಲ ದೊಡ್ಡವರಾಯಿತು. ನಮಗೆ ಬೇಕಾದದ್ದು ಮಕ್ಕಳ ಕಥೆ. ಇಂಗ್ಲೆಂಡಿನಲ್ಲಿ ಹಕ್ಕಿಗಳ ರಕ್ಷಣೆಯ ಸಂಘವೊಂದಿದೆ, ಆರ್.ಎಸ್.ಪಿ.ಬಿ. ಎಂದು ಅದರ ಹೆಸರು. 1979ರ ಚಳಿಗಾಲದಲ್ಲಿ ಅದು ತನ್ನ ಬಾಲ ಸದಸ್ಯರಿಗೆ ಒಂದು ಕೆಲಸ ಕೊಟ್ಟಿತು: ಮನೆಯ ತೋಟಕ್ಕೆ ಬರುವ ಹಕ್ಕಿಗಳನ್ನು ಒಂದು ಗಂಟೆ ಎಣಿಸಿ ಬರೆದು ಕಳಿಸಿ ಎಂದು. ಬಿಬಿಸಿಯ 'ಬ್ಲೂ ಪೀಟರ್' ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಈ ವಿಷಯ ಹೇಳಿದರು. ಕೆಲವು ನೂರು ಪತ್ರ ಬಂದಾವು ಅಂದುಕೊಂಡಿದ್ದವರಿಗೆ 34,000 ಬಂದವು! ಅಂದಿನಿಂದ ವರ್ಷ ವರ್ಷ ಲೆಕ್ಕ ನಡೆಯುತ್ತಲೇ ಇದೆ. ಅಲ್ಲಿನ ತೋಟಗಳಲ್ಲಿ ಗುಬ್ಬಿಗಳು ಅರ್ಧಕ್ಕಿಂತ ಹೆಚ್ಚು ಕಡಿಮೆಯಾದದ್ದು ಆ ಲೆಕ್ಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅವರ ಕೈಯಲ್ಲಿ ಮೊದಲ ವರ್ಷದ ಸಂಖ್ಯೆ ಇದೆ. ನಮ್ಮ ಕೈಯಲ್ಲಿ "ಬಾಳ ಇದ್ದುವು" ಎಂಬ ಮಾತು ಮಾತ್ರ ಇದೆ.

ನಮ್ಮ ದೇಶದಲ್ಲೂ ಕೆಲಸ ಶುರುವಾಗಿದೆ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್' ಎಂಬ ಹಿತ್ತಲ ಹಕ್ಕಿ ಎಣಿಕೆಗೆ 2013ರಿಂದ ಭಾರತವೂ ಸೇರಿದೆ. ಕನಿಷ್ಠ 15 ನಿಮಿಷ ಒಂದು ಕಡೆ ನಿಂತು ಎಣಿಸಿದರೆ ಸಾಕು. ಇಂಥ ಸಾಮಾನ್ಯ ಜನರ ಪಟ್ಟಿಗಳನ್ನೇ ಕೂಡಿಸಿ 2020ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತು. ಒಟ್ಟು ದೇಶದ ಮಟ್ಟದಲ್ಲಿ ಗುಬ್ಬಿಗಳು 25 ವರ್ಷಗಳಲ್ಲಿ ಹೆಚ್ಚುಕಡಿಮೆ ಹಾಗೆಯೇ ಇವೆ, ಬೆಂಗಳೂರು, ಹೈದರಾಬಾದ್ ಸೇರಿ ಆರು ಮಹಾನಗರಗಳಲ್ಲಿ ಮಾತ್ರ ಕಡಿಮೆಯಾಗಿವೆ ಎಂದು ಅದರಲ್ಲಿದೆ. ಟವರ್ ಕಿರಣವೇ ಕಾರಣ ಎನ್ನಲು ಗಟ್ಟಿ ಪುರಾವೆ ಇಲ್ಲ. ಮರಿಗಳಿಗೆ ಹುಳ ಸಿಗದಿರುವುದು, ಗೂಡಿಗೆ ಸಂದು ಇಲ್ಲದಿರುವುದು ಕಾರಣ ಇರಬಹುದು ಎನ್ನುತ್ತಾರೆ. ನಮ್ಮ ಕಡೆ ಮಣ್ಣಿನ ಮಾಳಿಗೆ ಹೋಗಿ ಸ್ಲ್ಯಾಬ್ ಮನೆಗಳು ಬಂದದ್ದನ್ನು ನೆನೆಸಿದರೆ ಇದು ನಿಜವಿರಬಹುದು ಎನಿಸುತ್ತದೆ. 2023ರ ವರದಿಗೆ ಸುಮಾರು 30,000 ಜನರ ಪಟ್ಟಿಗಳು ಸೇರಿದ್ದವು. ಅದನ್ನು ಓದಿದ ಮೇಲೆ ನಾವು ನಮ್ಮ ಮಾರ್ಚ್ 20ರ ಭಾಷಣ ತಿದ್ದಿಕೊಂಡೆವು.

ಲೆಕ್ಕ ತಡವಾದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಎರೆಭೂತ ಎಂಬ ದೊಡ್ಡ ಹಕ್ಕಿ ಎರೆಹೊಲ, ಹುಲ್ಲುಗಾವಲುಗಳಲ್ಲಿ ಬಾಳುವಂಥದ್ದು. ತೆಲುಗಿನಲ್ಲಿ ಬಟ್ಟಮೇಕ ಪಿಟ್ಟ. ಅಂದಿನ ಕರ್ನೂಲು ಜಿಲ್ಲೆಯ ರೋಳ್ಳಪಾಡಿನಲ್ಲಿ 1988ರಲ್ಲಿ ಅದಕ್ಕಾಗಿಯೇ ಸುಮಾರು 600 ಹೆಕ್ಟೇರಿನ ಅಭಯಾರಣ್ಯ ಮಾಡಿದರು. 2022ರಿಂದ ಆ ಊರು ನಂದ್ಯಾಲ ಜಿಲ್ಲೆಯಲ್ಲಿದೆ. ಬಾಂಬೆಯ ಸಂಶೋಧಕರು ಅಲ್ಲೇ ಇದ್ದು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಆದರೂ ಹಕ್ಕಿ ಅಲ್ಲಿ ಉಳಿಯಲಿಲ್ಲ. ಗಡಿಯಾಚೆ ನಮ್ಮ ಪಕ್ಕದ ಸಿರುಗುಪ್ಪ ತಾಲ್ಲೂಕಿನಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ನಮ್ಮ ಅಜ್ಜಂದಿರ ಹೊಲಗಳಲ್ಲಿ ಅವು ಎಷ್ಟಿದ್ದವು ಎಂದು ಕೇಳಿದರೆ ಮತ್ತೆ ಅದೇ ಉತ್ತರ.

ಆದ್ದರಿಂದ ನಾವು ಶಾಲೆಯಲ್ಲಿ ಒಂದು 200 ಪುಟದ ನೋಟ್ ಪುಸ್ತಕ ಇಟ್ಟಿದ್ದೇವೆ. ಮಕ್ಕಳು ಮನೆಯ ಹಿತ್ತಲಲ್ಲಿ ಕಂಡದ್ದನ್ನು ಬಂದು ಬರೆಯುತ್ತಾರೆ. ತಾರೀಖು, ಹೊತ್ತು, ಜಾಗ, ಹೆಸರು, ಒಂದೇ ಸಲಕ್ಕೆ ಕಂಡ ಹೆಚ್ಚಿನ ಸಂಖ್ಯೆ, ಏನು ಮಾಡುತ್ತಿತ್ತು - ಇಷ್ಟೇ. ಹಕ್ಕಿ ಮಾತ್ರವಲ್ಲ, ಅಳಿಲು, ಓತಿಕ್ಯಾತ, ಮುಂಗುಸಿ, ಚಿಟ್ಟೆ ಎಲ್ಲಕ್ಕೂ ಜಾಗವಿದೆ. ಹೆಸರು ಎರಡು ಭಾಷೆಯಲ್ಲಿ ಬರೆಸುತ್ತೇವೆ: ಗುಬ್ಬಿ-ಪಿಚ್ಚುಕ, ಗೊರವಂಕ-ಗೋರಿಂಕ, ಗೀಜಗ-ಗಿಜಿಗಾಡು, ನೀಲಕಂಠ-ಪಾಲಪಿಟ್ಟ. ಗಡಿಯ ಮಕ್ಕಳಿಗೆ ಇದು ಭಾರವಲ್ಲ, ಅವರ ಬಾಯಲ್ಲಿ ಎರಡೂ ಇವೆ. ಹೆಸರು ಗೊತ್ತಾಗದಿದ್ದರೆ ಬಣ್ಣ, ಗಾತ್ರ, ಕೂಗು ಬರೆದರೆ ಸಾಕು. ಊಹಿಸಿ ಬರೆಯುವುದು ಬೇಡ. ಸೊನ್ನೆ ಬಂದರೆ ಸೊನ್ನೆಯನ್ನೂ ಬರೆಯಬೇಕು, ಅದೂ ಲೆಕ್ಕವೇ.

ನಮ್ಮ ಪುಸ್ತಕದಲ್ಲಿ ಖಾಲಿ ಸಾಲುಗಳೂ ಇವೆ. ಕೌತಾಳಂ, ಕೋಸಿಗಿ ಕಡೆಯ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆ ಗುಳೆ ಹೋದಾಗ ಮಕ್ಕಳೂ ಹೋಗಿಬಿಡುತ್ತಾರೆ. ಯಾರ ಸಾಲು ಏಕೆ ಖಾಲಿ ಎಂದು ಪಕ್ಕದಲ್ಲಿ ಬರೆಯುತ್ತೇವೆ. ಒಬ್ಬ ಹುಡುಗ ವಾಪಸು ಬಂದವನು ಅಲ್ಲಿ ಕಂಡ ಹಕ್ಕಿಗಳ ಪಟ್ಟಿಯನ್ನು ಒಂದು ಚೀಟಿಯಲ್ಲಿ ತಂದಿದ್ದ. ಅದನ್ನೂ ಅಂಟಿಸಿದೆವು.

ಗೆಳೆಯರೇ, ಇದಕ್ಕೆ ದುರ್ಬೀನು, ಕ್ಯಾಮೆರಾ ಬೇಕಿಲ್ಲ. ನಿಮ್ಮ ಶಾಲೆಯಲ್ಲೂ ಒಂದು ಪುಸ್ತಕ ಇಡಿ, ಮೊದಲ ಪುಟದಲ್ಲಿ ಇಸವಿ ದೊಡ್ಡದಾಗಿ ಬರೆಯಿರಿ. ಇನ್ನು ಇಪ್ಪತ್ತು ವರ್ಷಕ್ಕೆ ಯಾವುದೋ ಮಗು ಎದ್ದು ನಿಂತು "ಮುಂಚೆ ಎಷ್ಟು ಇದ್ದುವು ಸಾರ್?" ಎಂದು ಕೇಳಿದರೆ, ಆಗ ಆ ತರಗತಿಯಲ್ಲಿರುವ ಮೇಷ್ಟ್ರು ಪುಸ್ತಕ ತೆಗೆದು ತೋರಿಸುವಂತಾಗಲಿ.