ಲಂಕೇಶ್ ಪತ್ರಿಕೆ ಮತ್ತು ಕನ್ನಡದ ತನಿಖಾ ಪತ್ರಿಕೋದ್ಯಮ

ಕನ್ನಡದಲ್ಲಿ ತನಿಖಾ ವರದಿ ಹಳ್ಳಿ ಹಳ್ಳಿಯ ಓದಾದದ್ದು 1980ರಲ್ಲಿ ಪಿ. ಲಂಕೇಶ್ ಬೆಂಗಳೂರಿನಿಂದ ಹೊರಡಿಸಿದ ‘ಲಂಕೇಶ್ ಪತ್ರಿಕೆ’ಯಿಂದ. ಜಾಹೀರಾತನ್ನು ಮುಟ್ಟದೆ, ಓದುಗರು ಕೊಟ್ಟ ಕಾಸಿನಲ್ಲೇ ನಡೆದ ಈ ವಾರಪತ್ರಿಕೆ ಅಧಿಕಾರಸ್ಥರನ್ನು ಹೆಸರು ಹಿಡಿದು ಪ್ರಶ್ನಿಸುವ ಪದ್ಧತಿಯನ್ನು ನಾಡಿನಲ್ಲಿ ಗಟ್ಟಿಯಾಗಿ ನೆಲೆಗೊಳಿಸಿತು.

ಈ ಪದ್ಧತಿಗೆ ಹಿನ್ನೆಲೆ ಇರಲಿಲ್ಲವೆಂದಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಆರಂಭಿಸಿದ ಮೇಲೆ ಕನ್ನಡದಲ್ಲಿ ಪತ್ರಿಕೆಗಳು ಒಂದೊಂದಾಗಿ ಹುಟ್ಟಿಕೊಂಡವು. ಮೈಸೂರು ಸಂಸ್ಥಾನದಲ್ಲಿ ‘ತಾತಯ್ಯ’ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಆಡಳಿತದ ಲೋಪಗಳನ್ನು ನಿರ್ಭಯವಾಗಿ ಟೀಕಿಸುತ್ತಿದ್ದರು. ದಿವಾನ್ ವಿ.ಪಿ. ಮಾಧವರಾವ್ ಅವರ ಕಾಲದಲ್ಲಿ, 1908ರಲ್ಲಿ, ಸರ್ಕಾರ ಪತ್ರಿಕೆಗಳನ್ನು ನಿಯಂತ್ರಿಸುವ ಕಾಯಿದೆ ತಂದಾಗ ಅವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿ ಪ್ರತಿಭಟಿಸಿದರು. ಡಿ.ವಿ. ಗುಂಡಪ್ಪನವರು 1913ರಲ್ಲಿ ಇಂಗ್ಲಿಷಿನಲ್ಲಿ ಆರಂಭಿಸಿದ ‘ಕರ್ನಾಟಕ’ ಸಂಸ್ಥಾನದ ಆಡಳಿತವನ್ನು ವಿಷಯಾಧಾರದ ಮೇಲೆ ವಿಮರ್ಶಿಸಿತು. ಆದರೆ ಇವೆಲ್ಲ ಹೆಚ್ಚಾಗಿ ಅಭಿಪ್ರಾಯದ ಪತ್ರಿಕೆಗಳು. ಓದುಗರೂ ಬಹುಪಾಲು ಪಟ್ಟಣದ ವಿದ್ಯಾವಂತರು.

ತನಿಖಾ ವರದಿ ಒಂದು ಕಸುಬಾಗಿ ರೂಪುಗೊಂಡ ದೇಶಗಳಲ್ಲಿ ಅಮೆರಿಕ ಪ್ರಮುಖವಾದುದು. ಅಲ್ಲಿನ ಪತ್ರಕರ್ತೆ ಹಾಗೂ ಲೇಖಕಿ ಐಡಾ ಟಾರ್ಬೆಲ್ 1902ರಿಂದ ‘ಮೆಕ್ಲೂರ್ಸ್’ ಮಾಸಪತ್ರಿಕೆಯಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಚರಿತ್ರೆಯನ್ನು ಕಂತುಗಳಲ್ಲಿ ಬರೆದರು. ನ್ಯಾಯಾಲಯದ ಕಡತ, ಸರ್ಕಾರಿ ದಾಖಲೆ, ಕಂಪನಿಯೊಳಗಿನವರ ಹೇಳಿಕೆ ಇವನ್ನೆಲ್ಲ ಒಂದರ ಪಕ್ಕ ಒಂದಿಟ್ಟು ತಾಳೆ ನೋಡುವುದು ಅವರ ಕ್ರಮವಾಗಿತ್ತು. 1904ರಲ್ಲಿ ಅದು ಪುಸ್ತಕವಾಯಿತು; 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಕಂಪನಿಯನ್ನು ಒಡೆಯಲು ಆದೇಶಿಸಿತು. ಕರ್ನಾಟಕದಲ್ಲಿ ಇದೇ ಕೆಲಸ ಬೇರೆ ದಾರಿಯಲ್ಲಿ, ಸಾಹಿತಿಯೊಬ್ಬರ ಕೈಯಲ್ಲಿ ಬೆಳೆಯಿತು.

ಲಂಕೇಶ್ ಹುಟ್ಟಿದ್ದು 1935ರ ಮಾರ್ಚ್ 8ರಂದು, ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯ ರೈತ ಕುಟುಂಬದಲ್ಲಿ. ಇಂಗ್ಲಿಷ್ ಸಾಹಿತ್ಯ ಓದಿ ಅಧ್ಯಾಪಕರಾದರು. 1963ರಲ್ಲಿ ‘ಕೆರೆಯ ನೀರನ್ನು ಕೆರೆಗೆ ಚೆಲ್ಲಿ’ ಕಥಾಸಂಕಲನ ಬಂತು. ‘ಬಿರುಕು’ ಕಾದಂಬರಿ, ‘ಸಂಕ್ರಾಂತಿ’ ನಾಟಕಗಳಿಂದ ನವ್ಯ ಸಾಹಿತ್ಯದಲ್ಲಿ ಹೆಸರಾದರು. 1970ರ ‘ಸಂಸ್ಕಾರ’ ಚಿತ್ರದಲ್ಲಿ ನಾರಣಪ್ಪನ ಪಾತ್ರ ಮಾಡಿದರು. ‘ಪಲ್ಲವಿ’ ಚಿತ್ರದ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಅಧ್ಯಾಪನ ಬಿಟ್ಟು ಪತ್ರಿಕೆ ಶುರು ಮಾಡಿದಾಗ ಅವರಿಗೆ ನಲವತ್ತೈದರ ವಯಸ್ಸು.

ಪತ್ರಿಕೆಯ ರೂಪ ಸರಳವಾಗಿತ್ತು: ಟ್ಯಾಬ್ಲಾಯ್ಡ್ ಆಕಾರ, ನ್ಯೂಸ್‌ಪ್ರಿಂಟ್ ಕಾಗದ, ಕಪ್ಪು-ಬಿಳುಪು ಮುದ್ರಣ. ಅದರ ಲೆಕ್ಕಾಚಾರವೇ ಅದರ ಧೈರ್ಯದ ಮೂಲ. ಜಾಹೀರಾತು ಇದ್ದರೆ ಸರ್ಕಾರ ಅದನ್ನು ನಿಲ್ಲಿಸಿ ಪತ್ರಿಕೆಯನ್ನು ಬಗ್ಗಿಸಬಹುದು, ಉದ್ಯಮಿ ಸುದ್ದಿಯನ್ನು ತಡೆಯಬಹುದು. ಜಾಹೀರಾತೇ ಇಲ್ಲದಿದ್ದರೆ ಆ ಹಿಡಿತವೂ ಇಲ್ಲ. ಆದರೆ ಆಗ ಪ್ರತಿ ವಾರವೂ ಪ್ರತಿಗಳು ಖರ್ಚಾಗಲೇಬೇಕು. ತುಮಕೂರು, ಗುಬ್ಬಿ, ಕುಣಿಗಲ್ಲಿನಂಥ ಊರುಗಳ ಬಸ್ ನಿಲ್ದಾಣದ ಪೇಪರ್ ಅಂಗಡಿಗಳೇ ಇಂಥ ಪತ್ರಿಕೆಗೆ ಆಧಾರ. ಅಲ್ಲಿಂದ ಗೂಳೂರಿನಂಥ ಹಳ್ಳಿಗಳಿಗೆ ಹೋದ ಒಂದು ಪ್ರತಿ ಹೋಟೆಲು, ಕ್ಷೌರದಂಗಡಿ, ಅರಳಿಕಟ್ಟೆಗಳಲ್ಲಿ ಕೈಯಿಂದ ಕೈಗೆ ದಾಟುತ್ತಿತ್ತು.

ಪತ್ರಿಕೆ ಹುಟ್ಟಿದ ವರ್ಷವೇ ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು. ಅದೇ ವರ್ಷ ನರಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ನಡೆಯಿತು. ರೈತ ಚಳವಳಿ, ದಲಿತ ಚಳವಳಿ, ಗೋಕಾಕ್ ಚಳವಳಿಗಳಿಂದ ನಾಡು ಕುದಿಯುತ್ತಿತ್ತು. ಸಚಿವರು, ಶಾಸಕರು, ಗುತ್ತಿಗೆದಾರರು, ಅಧಿಕಾರಿಗಳ ನಡುವಿನ ಒಳವ್ಯವಹಾರಗಳನ್ನು ಪತ್ರಿಕೆ ವಾರವಾರವೂ ಬಯಲಿಗೆಳೆಯಿತು. 1983ರ ಚುನಾವಣೆಯಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಿತು. ಅದಕ್ಕೆ ಜನಾಭಿಪ್ರಾಯ ರೂಪಿಸಿದವರಲ್ಲಿ ಲಂಕೇಶರೂ ಪ್ರಮುಖರು. ನಂತರ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರವನ್ನೂ ಪತ್ರಿಕೆ ಬಿಡಲಿಲ್ಲ. ಸರ್ಕಾರ ಬದಲಾದರೂ ಪ್ರಶ್ನೆ ನಿಲ್ಲಬಾರದೆಂಬುದು ಅದರ ನಿಲುವಾಗಿತ್ತು.

ಇಂಥ ಬರವಣಿಗೆಗೆ ಕಾನೂನಿನ ಕುತ್ತು ಸದಾ ಇತ್ತು. ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 499 ಮತ್ತು 500ನೇ ಕಲಮುಗಳ ಪ್ರಕಾರ ಮಾನಹಾನಿ ಕ್ರಿಮಿನಲ್ ಅಪರಾಧವಾಗಿತ್ತು. ಎರಡು ವರ್ಷದವರೆಗೆ ಸೆರೆವಾಸ ಆಗಬಹುದಿತ್ತು. ಬರೆದದ್ದು ಸತ್ಯವೆಂದು ತೋರಿಸಿದರೆ ಸಾಲುತ್ತಿರಲಿಲ್ಲ, ಅದು ಸಾರ್ವಜನಿಕ ಹಿತಕ್ಕಾಗಿ ಪ್ರಕಟವಾಯಿತೆಂಬುದನ್ನೂ ಸ್ಥಾಪಿಸಬೇಕಿತ್ತು. ದೂರದ ಊರಿನ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದರೆ, ತೀರ್ಪು ಬರುವ ಮೊದಲೇ ಓಡಾಟ, ವಕೀಲರ ಫೀಸುಗಳಿಂದ ಸಂಪಾದಕ ಬಸವಳಿಯುತ್ತಾನೆ. ಲಂಕೇಶರು ಇಂಥ ಹಲವು ಮೊಕದ್ದಮೆಗಳನ್ನು ಎದುರಿಸಿಯೇ ಪತ್ರಿಕೆ ನಡೆಸಿದರು.

ವರದಿಗಳ ಜೊತೆಗೇ ಸಾಹಿತ್ಯವೂ ಇದ್ದದ್ದು ಪತ್ರಿಕೆಯ ವೈಶಿಷ್ಟ್ಯ. ‘ಟೀಕೆ-ಟಿಪ್ಪಣಿ’ಯ ಬರಹಗಳು, ‘ನೀಲು’ ಹೆಸರಿನ ಪುಟ್ಟ ಪದ್ಯಗಳು, ಬಿ. ಚಂದ್ರೇಗೌಡರ ‘ಕಟ್ಟೆ ಪುರಾಣ’ ಓದುಗರಿಗೆ ಅಚ್ಚುಮೆಚ್ಚಾಗಿದ್ದವು. ಪೂರ್ಣಚಂದ್ರ ತೇಜಸ್ವಿ ಇಲ್ಲಿ ಬರೆದರು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಧಾರಾವಾಹಿಯಾಗಿ ಬಂದದ್ದೂ ಇಲ್ಲಿಯೇ. ಮುಸ್ಲಿಂ ಹೆಣ್ಣುಮಕ್ಕಳ ಬದುಕು, ದಲಿತರ ಅನುಭವ, ಹಳ್ಳಿಯ ಆಡುಮಾತು ಮುದ್ರಣದಲ್ಲಿ ಜಾಗ ಪಡೆದವು. ಪತ್ರಿಕೆಯ ಭಾಷೆಯಲ್ಲಿ ಕೆಲವೊಮ್ಮೆ ವೈಯಕ್ತಿಕ ನಿಂದನೆ ಬೆರೆಯುತ್ತಿತ್ತೆಂಬ ಆಕ್ಷೇಪಣೆಯೂ ಇತ್ತು. ಮುಂದೆ ಹುಟ್ಟಿದ ಟ್ಯಾಬ್ಲಾಯ್ಡುಗಳಲ್ಲಿ ಹಲವು ಆ ಮೊನಚನ್ನು ಅನುಕರಿಸಿದವೇ ಹೊರತು ಅದರ ಹಿಂದಿನ ಸಾಮಾಜಿಕ ಕಾಳಜಿಯನ್ನಲ್ಲ.

ಲಂಕೇಶರ ಬೆನ್ನಿಗೇ ಬೇರೆ ಪ್ರಯತ್ನಗಳೂ ನಡೆದವು. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಿಂದ ‘ಮುಂಗಾರು’ ದಿನಪತ್ರಿಕೆ ತಂದರು. ಇಂದೂಧರ ಹೊನ್ನಾಪುರ ‘ಸುದ್ದಿ ಸಂಗಾತಿ’ ನಡೆಸಿದರು. 1995ರಲ್ಲಿ ರವಿ ಬೆಳಗೆರೆಯವರ ‘ಹಾಯ್ ಬೆಂಗಳೂರ್!’ ಬಂತು. ‘ಕಲ್ಲು ಕರಗುವ ಸಮಯ’ ಕಥಾಸಂಕಲನಕ್ಕೆ 1993ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಲಂಕೇಶರು 2000ದ ಜನವರಿ 25ರಂದು ನಿಧನರಾದರು.

ಅವರ ಮಗಳು ಗೌರಿ ಲಂಕೇಶ್ ಇಂಗ್ಲಿಷ್ ಪತ್ರಿಕೋದ್ಯಮದಿಂದ ಬಂದು ಸಂಪಾದಕಿಯಾದರು; 2005ರಲ್ಲಿ ‘ಗೌರಿ ಲಂಕೇಶ್ ಪತ್ರಿಕೆ’ಯನ್ನು ಸ್ವತಂತ್ರವಾಗಿ ಆರಂಭಿಸಿದರು. ಅದೂ ಜಾಹೀರಾತಿಲ್ಲದೆಯೇ ನಡೆಯಿತು. ಕೋಮು ರಾಜಕಾರಣವನ್ನು ಅವರು ನೇರವಾಗಿ ವಿರೋಧಿಸಿದರು. 2008ರ ವರದಿಯೊಂದರ ಸಂಬಂಧ ಹುಬ್ಬಳ್ಳಿಯ ನ್ಯಾಯಾಲಯ 2016ರ ನವೆಂಬರಿನಲ್ಲಿ ಮಾನಹಾನಿಗಾಗಿ ಆರು ತಿಂಗಳ ಶಿಕ್ಷೆ ವಿಧಿಸಿತು; ಅವರಿಗೆ ಜಾಮೀನು ದೊರೆಯಿತು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿನಗರದ ಮನೆಯ ಮುಂದೆ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಪ್ರಕರಣದ ತನಿಖೆಗೆ ಸರ್ಕಾರ ವಿಶೇಷ ತನಿಖಾ ದಳ ರಚಿಸಿತು. ದಳ 2018ರಲ್ಲಿ ಆರೋಪಪಟ್ಟಿ ಸಲ್ಲಿಸಿತು.

2005ರ ಮಾಹಿತಿ ಹಕ್ಕು ಕಾಯಿದೆಯ ನಂತರ ಕಡತ ಪಡೆಯುವ ದಾರಿ ಮೊದಲಿಗಿಂತ ಸುಗಮವಾಗಿದೆ. ಕಡತ ಸಿಕ್ಕಿದ ಮೇಲೆ ಅದನ್ನು ಅಚ್ಚು ಹಾಕುವ ಸ್ವಾತಂತ್ರ್ಯ ಮಾತ್ರ ಇಂದಿಗೂ ಪತ್ರಿಕೆಯ ಹಣ ಎಲ್ಲಿಂದ ಬರುತ್ತದೆ ಎಂಬುದನ್ನೇ ಅವಲಂಬಿಸಿದೆ. ತಂದೆ-ಮಗಳ ಪತ್ರಿಕೆಗಳು ಆ ಹಣವನ್ನು ಓದುಗರಿಂದಲೇ ಪಡೆದು ಮೂರೂವರೆ ದಶಕಕ್ಕೂ ಹೆಚ್ಚು ಕಾಲ ಕನ್ನಡದಲ್ಲಿ ಈ ಕಸುಬನ್ನು ಉಳಿಸಿಕೊಂಡು ಬಂದವು.