ಅಘನಾಶಿನಿ ಅಳಿವೆ: ಉಪ್ಪುನೀರಿನ ಒಕ್ಕಲುತನದ ಚರಿತ್ರೆ

ಶಿರಸಿಯಲ್ಲಿ ಹುಟ್ಟಿ, ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಕುಮಟಾ ತಾಲ್ಲೂಕಿನ ತಗ್ಗುನೆಲಕ್ಕೆ ಇಳಿಯುವ ಅಘನಾಶಿನಿ ನದಿಯು ಉತ್ತರದ ದಂಡೆಯ ತದಡಿ ಮತ್ತು ದಕ್ಷಿಣದ ದಂಡೆಯ ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ನದಿಯು ಕಡಲನ್ನು ಕೂಡುವ, ಸಿಹಿನೀರೂ ಉಪ್ಪುನೀರೂ ದಿನಕ್ಕೆ ಎರಡು ಬಾರಿ ಬೆರೆಯುವ ಇಂತಹ ಜಾಗಕ್ಕೆ ಕನ್ನಡದಲ್ಲಿ ಅಳಿವೆ ಎಂದು ಹೆಸರು. ಭರತದ ನೀರು, ಎಂದರೆ ಏರಿ ಬರುವ ಕಡಲನೀರು, ಇಲ್ಲಿ ನದಿಯ ಪಾತ್ರದಲ್ಲಿ ಸುಮಾರು 25 ಕಿಲೋಮೀಟರ್ ಒಳಗೆ ಉಪ್ಪಿನಪಟ್ಟಣದ ಕಡೆಯವರೆಗೂ ತನ್ನ ಪ್ರಭಾವವನ್ನು ಬೀರುತ್ತದೆ; ಇಳಿತದ ಹೊತ್ತಿಗೆ ಅದು ಹಿಂದೆ ಸರಿದು ಕೆಸರಿನ ದಿಬ್ಬಗಳನ್ನೂ ಮರಳಿನ ಹಾಸುಗಳನ್ನೂ ಬಯಲುಮಾಡುತ್ತದೆ. ನೆರೆಯ ಕಾಳಿ ಮತ್ತು ಶರಾವತಿ ನದಿಗಳಿಗೆ ಜಲವಿದ್ಯುತ್ತಿನ ಸಲುವಾಗಿ ಅಡ್ಡಗಟ್ಟಿದ ಅಣೆಕಟ್ಟುಗಳಂತಹ ಯಾವುದೂ ಅಘನಾಶಿನಿಗೆ ಇಲ್ಲ, ಮತ್ತು ಈ ಒಂದು ಸಂಗತಿಯಿಂದಲೇ ಅಳಿವೆಯ ಇಂದಿನ ಸ್ಥಿತಿಯ ಬಹುಪಾಲು ವಿವರಣೆ ದೊರೆಯುತ್ತದೆ.

ಕರ್ನಾಟಕದ ಕರಾವಳಿಯ ಹಿನ್ನೀರುಗಳಿಗೆ ಇತ್ತೀಚಿನ ವರ್ಷಗಳಲ್ಲಿ ಕಯಾಕ್ ಎಂಬ ಕಿರುದೋಣಿ ಬಂದಿದೆ. ಉತ್ತರ ಧ್ರುವದ ಸುತ್ತಲಿನ ಹಿಮಪ್ರದೇಶದ ಇನುಯಿಟ್ ಜನರು ಕಟ್ಟಿಗೆ ಅಥವಾ ತಿಮಿಂಗಿಲದ ಮೂಳೆಯ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು ಬೇಟೆಗೆಂದು ಮಾಡಿಕೊಂಡಿದ್ದ ಈ ದೋಣಿಯು ಈಗ ಪ್ಲಾಸ್ಟಿಕ್ಕಿನಲ್ಲಿ ರೂಪುಗೊಂಡು ವಿಹಾರದ ಸಾಧನವಾಗಿದೆ. ಸಾಲಿಗ್ರಾಮದ ಬಳಿಯ ಸೀತಾನದಿಯಲ್ಲಿಯೂ ಬೇರೆ ಕೆಲವು ಅಳಿವೆಗಳಲ್ಲಿಯೂ ಪ್ರವಾಸಿಗರು ಅದರಲ್ಲಿ ಕುಳಿತು, ಕಾಂಡ್ಲಾ ಗಿಡಗಳ, ಎಂದರೆ ಮ್ಯಾಂಗ್ರೋವ್ ಗಿಡಗಳ, ನಡುವೆ ಹುಟ್ಟು ಹಾಕುತ್ತ, ಹಕ್ಕಿಗಳನ್ನು ನೋಡುತ್ತ ಸಾಗುತ್ತಾರೆ. ಹೀಗೆ ಬಂದವರಿಗೆ ಅಳಿವೆಯು ಮನುಷ್ಯನ ಕೈ ಸೋಕದ ಕಾಡುನೀರಿನಂತೆ ತೋರುವುದು ಸಹಜ. ಆದರೆ ಅಘನಾಶಿನಿಯ ಮಟ್ಟಿಗೆ ಆ ತಿಳಿವಳಿಕೆ ಸರಿಯಲ್ಲ. ಇಲ್ಲಿನ ಮೀನು, ಹಕ್ಕಿ ಮತ್ತು ಗಿಡಗಂಟಿಗಳ ಸಮೃದ್ಧಿಯು ಹಲವು ತಲೆಮಾರುಗಳ ಕಾಲ ಕಟ್ಟೆ ಕಟ್ಟಿ, ತೂಬು ಕಾಯ್ದು, ಭರತ-ಇಳಿತಗಳ ಲೆಕ್ಕಕ್ಕೆ ತಮ್ಮ ಬದುಕನ್ನು ಹೊಂದಿಸಿಕೊಂಡ ಒಕ್ಕಲುಗಳ ದುಡಿಮೆಯೊಡನೆ ಹೆಣೆದುಕೊಂಡು ಬೆಳೆದದ್ದು.

ಕಯಾಕ್ ಬರುವುದಕ್ಕೆ ಬಹಳ ಮೊದಲೇ ಈ ನೀರಿನಲ್ಲಿ ಅದರಷ್ಟೇ ಕಿರಿದಾದ, ಅಷ್ಟೇ ತೆಳುನೀರಿನಲ್ಲಿ ತೇಲಬಲ್ಲ ದೋಣಿಯೊಂದಿತ್ತು. ಮಾವಿನಂತಹ ಮರದ ಒಂದೇ ದಿಮ್ಮಿಯನ್ನು ಕೊರೆದು ಮಾಡಿದ ಅದನ್ನು ಪಾತಿ ಅಥವಾ ಪಾತಿದೋಣಿ ಎನ್ನುತ್ತಿದ್ದರು. ದೊಡ್ಡ ದೋಣಿಗಳ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಹೊಲಿದು ಜೋಡಿಸುವ ಪದ್ಧತಿಯೂ ಈ ಕರಾವಳಿಯಲ್ಲಿ ಇತ್ತು. ಅಂಬಿಗ, ಹರಿಕಂತ್ರ, ಖಾರ್ವಿ, ಗಾಬಿತ, ಮೊಗೇರ ಮೊದಲಾದ ಸಮುದಾಯಗಳು ದೋಣಿ ಮತ್ತು ಬಲೆಗಳನ್ನು ನಂಬಿ ಬದುಕಿದವು. ಇವರಲ್ಲಿ ಅಂಬಿಗರ ಕಸುಬು ಹೊಳೆ ದಾಟಿಸುವುದು. ಸೇತುವೆಗಳಿಲ್ಲದ ಕಾಲದಲ್ಲಿ ಕರಾವಳಿಯ ದಾರಿ ಎಂದರೆ ಒಂದು ತಾರಿಯಿಂದ ಮತ್ತೊಂದು ತಾರಿಗೆ ಸಾಗುವ ದಾರಿಯೇ ಆಗಿತ್ತು. ದೋಣಿಯಲ್ಲಿ ಹೊಳೆ ದಾಟುವ ಕಡವಿಗೆ ಇಲ್ಲಿ ತಾರಿ ಎಂಬ ಮಾತು ಬಳಕೆಯಲ್ಲಿದೆ. ಹೆದ್ದಾರಿಯ ಸೇತುವೆಯೂ, 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗದ ಸೇತುವೆಯೂ ಬಂದ ಮೇಲೂ ತದಡಿ ಮತ್ತು ಅಘನಾಶಿನಿ ಊರುಗಳ ನಡುವಿನ ತಾರಿ ನಿಲ್ಲಲಿಲ್ಲ.

ಹಳೆಯ ಕಾಲದ ಸರಕು ಸಾಗಾಟದ ಗುರುತುಗಳು ಅಳಿವೆಯ ಸುತ್ತ ಇನ್ನೂ ಉಳಿದಿವೆ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಹೆಸರಿನೊಡನೆ ಜನಮನದಲ್ಲಿ ಬೆಸೆದಿರುವ ಮಿರ್ಜಾನಿನ ಚಿರೆಕಲ್ಲಿನ ಕೋಟೆಯು ಈ ನದಿಯ ಕವಲೊಂದರ ಬದಿಯಲ್ಲಿದೆ. ಘಟ್ಟದ ಮೇಲಿನ ಮೆಣಸು ಇಂತಹ ಒಳನಾಡ ರೇವುಗಳಿಗೆ ಇಳಿದು ಅಲ್ಲಿಂದ ಕಡಲಿಗೆ ಹೋಗುತ್ತಿತ್ತು. ಮೆಣಸು ಕೆಳಗೆ ಬಂದರೆ ಉಪ್ಪು ಮೇಲಕ್ಕೆ ಹೋಗುತ್ತಿತ್ತು. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಭರತದ ನೀರನ್ನು ಮಡಿಗಳಿಗೆ ಹಾಯಿಸಿ, ಬಿಸಿಲಿಗೆ ಆರಿಸಿ ಉಪ್ಪು ತೆಗೆಯುವ ಆಗರಗಳು ಇಂದಿಗೂ ಕೆಲಸ ಮಾಡುತ್ತಿವೆ. ಆಗರ ಎಂಬ ಮಾತಿಗೆ ಉಪ್ಪಿನ ಮಡಿಗಳ ತಾಣ ಎಂಬುದು ಇಲ್ಲಿನ ಅರ್ಥ, ಮತ್ತು ಆ ದುಡಿಮೆಯಲ್ಲಿ ತೊಡಗಿದ ಆಗೇರ ಸಮುದಾಯದ ಹೆಸರೂ ಅದಕ್ಕೆ ಸಂಬಂಧಿಸಿದ್ದು. ದೋಣಿಯಲ್ಲಿ ಹೊಳೆಯೇರಿ ಹೋದ ಉಪ್ಪು ಇಳಿಯುತ್ತಿದ್ದ ಕಡೆಯ ತಾಣದ ನೆನಪನ್ನು ಉಪ್ಪಿನಪಟ್ಟಣ ಎಂಬ ಊರ ಹೆಸರು ಕಾಪಾಡಿಕೊಂಡಿದೆ.

ಆದರೆ ಅಳಿವೆಯನ್ನು ಅಳಿವೆಯಾಗಿ ರೂಪಿಸಿದ್ದು ವ್ಯಾಪಾರಕ್ಕಿಂತ ಹೆಚ್ಚಾಗಿ ಗಜನಿಯ ಬೇಸಾಯ. ಭರತದ ನೀರು ಆವರಿಸುವ ತಗ್ಗುನೆಲದ ಸುತ್ತ ಮಣ್ಣಿನ ಕಟ್ಟೆ ಹಾಕಿ, ನೀರಿನ ಪ್ರವೇಶವನ್ನು ಹತೋಟಿಯಲ್ಲಿಟ್ಟು ಬೇಸಾಯಕ್ಕೆ ತಂದುಕೊಂಡ ಭೂಮಿಗೆ ಗಜನಿ ಎನ್ನುತ್ತಾರೆ. ಕಟ್ಟೆಯಲ್ಲಿ ಅಲ್ಲಲ್ಲಿ ಮರದ ಹಲಗೆಗಳ ತೂಬುಗಳಿರುತ್ತವೆ. ಮಳೆಗಾಲಕ್ಕೆ ಮುಂಚೆ ತೂಬು ಮುಚ್ಚಿ ಕಡಲನೀರನ್ನು ಹೊರಗಿಟ್ಟರೆ, ಜೂನ್ ತಿಂಗಳ ಜಡಿಮಳೆಯು ಮಣ್ಣಿನ ಮೇಲ್ಪದರದ ಉಪ್ಪನ್ನು ತೊಳೆದು ಹಾಕುತ್ತದೆ. ಆಗ ಮೊಳಕೆ ಬರಿಸಿದ ಕಗ್ಗದ ಬೀಜವನ್ನು ಚೆಲ್ಲುತ್ತಾರೆ. ಕಗ್ಗವು ಉಪ್ಪಿನಂಶವನ್ನೂ ನೆರೆಯ ನೀರಿನಲ್ಲಿ ಕೆಲಕಾಲ ಮುಳುಗಿರುವುದನ್ನೂ ತಾಳಿಕೊಳ್ಳುವ, ಆಳೆತ್ತರಕ್ಕೆ ಬೆಳೆಯುವ ನಾಟಿ ಭತ್ತದ ತಳಿ. ಅದಕ್ಕೆ ಗೊಬ್ಬರ ಬೇಕಿಲ್ಲ, ಏಕೆಂದರೆ ನದಿ ತಂದು ಸುರಿಯುವ ಮೆಕ್ಕಲುಮಣ್ಣೂ ಹಿಂದಿನ ವರ್ಷದ ಕೊಳೆತ ಹುಲ್ಲೂ ಅದಕ್ಕೆ ಸಾಕು. ಮಳೆಗಾಲ ಮುಗಿದು ಬೆಳೆ ಮಾಗಿದಾಗ ರೈತರು ತೆನೆಯನ್ನು ಮಾತ್ರ ಕೊಯ್ದು, ಉದ್ದನೆಯ ಹುಲ್ಲನ್ನು ಗದ್ದೆಯಲ್ಲಿಯೇ ಬಿಟ್ಟು, ತೂಬು ತೆರೆಯುತ್ತಾರೆ.

ಹುಲ್ಲನ್ನು ಹೀಗೆ ಬಿಡುವುದರಲ್ಲಿ ಈ ಪದ್ಧತಿಯ ಅತ್ಯಂತ ಸೂಕ್ಷ್ಮವಾದ ಜಾಣ್ಮೆ ಅಡಗಿದೆ. ಭರತದ ನೀರಿನೊಡನೆ ಒಳಬಂದ ಶೆಟ್ಲಿಯ ಮರಿಗಳಿಗೂ, ಎಂದರೆ ಸೀಗಡಿಯ ಮರಿಗಳಿಗೂ, ಬಗೆಬಗೆಯ ಮೀನಿನ ಮರಿಗಳಿಗೂ ಕೊಳೆಯುವ ಆ ಹುಲ್ಲು ಆಹಾರದ ಮೂಲವಾಗಿಯೂ ಅಡಗುದಾಣವಾಗಿಯೂ ಒದಗುತ್ತದೆ. ಭತ್ತ ಬೆಳೆದ ಗದ್ದೆಯೇ ಮುಂದಿನ ಆರು ತಿಂಗಳು ಮೀನಿನ ತೊಟ್ಟಿಲಾಗುತ್ತದೆ. ಇಳಿತದ ಹೊತ್ತಿಗೆ ತೂಬಿನ ಬಾಯಿಗೆ ಬಲೆ ಕಟ್ಟಿ, ಹೊರಗೆ ಹರಿಯುವ ನೀರಿನಿಂದ ಬೆಳೆದವನ್ನು ಹಿಡಿಯುತ್ತಾರೆ. ಬೀಸುಬಲೆ, ಗಾಳ ಮತ್ತು ಬಿದಿರ ಕಡ್ಡಿಗಳಿಂದ ಹೆಣೆದ ಕೂಣಿಗಳಿಂದ ಮನೆಯ ಮಟ್ಟಿಗೆ ಮೀನು ಹಿಡಿಯುವುದು ಇದಲ್ಲದೆ ನಡೆಯುತ್ತಿತ್ತು. ಕಟ್ಟೆಯ ಹೊರಮೈಯಲ್ಲಿ ಬೆಳೆದ ಕಾಂಡ್ಲಾ ಗಿಡಗಳು ತಮ್ಮ ಬೇರುಗಳಿಂದ ಮಣ್ಣನ್ನು ಹಿಡಿದಿಟ್ಟು ಅಲೆಯ ಹೊಡೆತವನ್ನು ತಗ್ಗಿಸುತ್ತಿದ್ದವು. ಕಟ್ಟೆ ಎಲ್ಲಿಯಾದರೂ ಒಂದು ಕಡೆ ಒಡೆದರೆ ಒಬ್ಬನ ಗದ್ದೆಯಷ್ಟೇ ಅಲ್ಲ, ಇಡೀ ಗಜನಿಯೇ ಉಪ್ಪುನೀರಿಗೆ ಬೀಳುವುದರಿಂದ ಅದರ ರಕ್ಷಣೆ ಎಲ್ಲರೂ ಸೇರಿ ಮಾಡಬೇಕಾದ ಕೆಲಸವಾಗಿತ್ತು. ಕೃಷಿ ಮತ್ತು ಮೀನುಗಾರಿಕೆಯನ್ನು ಎರಡು ಇಲಾಖೆಗಳ ವಿಷಯವೆಂದು ಬೇರ್ಪಡಿಸಿ ನೋಡುವ ಆಧುನಿಕ ಆಡಳಿತದ ದೃಷ್ಟಿಗೆ ಈ ವ್ಯವಸ್ಥೆಯ ಪೂರ್ಣಸ್ವರೂಪ ಎಂದೂ ಸರಿಯಾಗಿ ಕಾಣಲಿಲ್ಲ.

ಅಳಿವೆಯ ಮತ್ತೊಂದು ಸಂಪತ್ತು ಬಳಚು. ಮರಳು ಮತ್ತು ಕೆಸರಿನಲ್ಲಿ ಹುದುಗಿರುವ, ಎರಡು ಚಿಪ್ಪುಗಳ ನಡುವೆ ಮೃದುವಾದ ಮಾಂಸವುಳ್ಳ ಈ ಜೀವಿಗಳನ್ನು ಇಳಿತದ ಹೊತ್ತಿನಲ್ಲಿ ಹೆಂಗಸರೂ ಗಂಡಸರೂ ಕೈಯಿಂದ ಹೆಕ್ಕುತ್ತಾರೆ. ಇದಕ್ಕೆ ಬಂಡವಾಳ ಬೇಡ, ಸ್ವಂತ ದೋಣಿಯೂ ಇರಲೇಬೇಕೆಂದಿಲ್ಲ. ಆದ್ದರಿಂದಲೇ ಭೂಮಿಯಿಲ್ಲದ ಮನೆಗಳಿಗೆ ಇದು ಬಹಳ ದೊಡ್ಡ ಆಸರೆಯಾಯಿತು. ಮಾಂಸ ಅಡುಗೆಗಾದರೆ ಚಿಪ್ಪು ಸುಣ್ಣಕ್ಕಾಗುತ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳು ದೊರೆಯುತ್ತವೆ ಎಂದೂ, 2,300ಕ್ಕೂ ಹೆಚ್ಚು ಜನರು ನೇರವಾಗಿ ಇದರಿಂದ ಬದುಕುತ್ತಾರೆ ಎಂದೂ ಅಂದಾಜು ಮಾಡಿತು. ಶರಾವತಿಯ ಅಳಿವೆಯೊಡನೆ ಹೋಲಿಸಿದಾಗ ಇದರ ಮಹತ್ವ ಸ್ಪಷ್ಟವಾಗುತ್ತದೆ: ಅಲ್ಲಿ ವಿದ್ಯುತ್ ಉತ್ಪಾದನೆಗಾಗಿ ವರ್ಷವಿಡೀ ಹೊರಬಿಡುವ ಸಿಹಿನೀರಿನಿಂದ ಅಳಿವೆಯ ಉಪ್ಪಿನಂಶ ತಗ್ಗಿ, ಉಪ್ಪನ್ನು ಬಯಸುವ ಹಲವು ಬಗೆಯ ಚಿಪ್ಪುಜೀವಿಗಳು ಹಿಂದೆ ಸರಿದವು. ಹೊಳೆ ಬೇಸಿಗೆಯಲ್ಲಿ ಬಡವಾಗುವುದೂ ಬಳಚಿಗೆ ಬೇಕಾದದ್ದೇ ಎಂಬುದು ಇದರಿಂದ ತಿಳಿದುಬಂದ ಪಾಠ.

ಈ ಸೀಮೆಯ ವನ್ಯಜೀವಿಗಳನ್ನು ನೋಡಿ ಬರೆದಿಡುವ ಅಭ್ಯಾಸಕ್ಕೂ ಉಪ್ಪಿಗೂ ಒಂದು ಸಂಬಂಧವಿದೆ. 1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ವರ್ಗವಾದ ಮೇಲೆ ಇಲ್ಲಿಗೆ ಬಂದ ಅಧಿಕಾರಿಗಳಲ್ಲಿ ಸುಂಕ ಮತ್ತು ಉಪ್ಪಿನ ಇಲಾಖೆಯ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್ ಒಬ್ಬರು. 1883ರಲ್ಲಿ ಸ್ಥಾಪನೆಯಾದ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸ್ಥಾಪಕರಲ್ಲಿ ಅವರೂ ಇದ್ದರು. ಅವರೂ, ಜಿಲ್ಲೆಯ ಕಲೆಕ್ಟರರಾಗಿದ್ದ ಜೆ. ಡೇವಿಡ್‌ಸನ್ ಮತ್ತು ಅರಣ್ಯ ಇಲಾಖೆಯ ಟಿ. ಆರ್. ಬೆಲ್ ಅವರೂ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಹುಳು ಮತ್ತು ಕೋಶಾವಸ್ಥೆಗಳನ್ನು ವಿವರವಾಗಿ ಅಧ್ಯಯನ ಮಾಡಿದರು. ಡೇವಿಡ್‌ಸನ್ ಜಿಲ್ಲೆಯ ಹಕ್ಕಿಗಳ ಬಗೆಗೂ ಬರೆದರು. ಆ ದಾಖಲೆಗಳ ಬೆಲೆ ಹಿರಿದು. ಆದರೆ ಯಾವ ಹಕ್ಕಿ ಯಾವ ತಿಂಗಳಲ್ಲಿ ಗಜನಿಗೆ ಇಳಿಯುತ್ತದೆ, ನೀರುನಾಯಿಗಳು ಬಲೆಯನ್ನು ಎಲ್ಲಿ ಹರಿಯುತ್ತವೆ, ಬಿಳಿಹೊಟ್ಟೆಯ ಕಡಲಹದ್ದು ಯಾವ ಮರದಲ್ಲಿ ಗೂಡು ಕಟ್ಟುತ್ತದೆ ಎಂಬ ತಿಳಿವು ಬರಹಕ್ಕೆ ಬಾರದೆ ತೂಬು ಕಾಯುವವರ ಮತ್ತು ಪಾತಿ ನಡೆಸುವವರ ಬಾಯಲ್ಲಿಯೇ ಉಳಿಯಿತು.

ಗಜನಿಯ ವ್ಯವಸ್ಥೆ ಸಡಿಲಗೊಂಡದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಖಾರ್‌ಲ್ಯಾಂಡ್, ಎಂದರೆ ಉಪ್ಪುನೆಲ, ಎಂಬ ಹೆಸರಿನ ಯೋಜನೆಯಡಿ ಸರ್ಕಾರವು ಹಲವೆಡೆ ಮಣ್ಣಿನ ಕಟ್ಟೆಗಳ ಜಾಗದಲ್ಲಿ ಕಲ್ಲಿನ ಕಟ್ಟೆಗಳನ್ನು ಕಟ್ಟಿಸಿತು. ಆ ಕಾಮಗಾರಿಯಲ್ಲಿ ಕಟ್ಟೆಯನ್ನು ಕಾಯುತ್ತಿದ್ದ ಕಾಂಡ್ಲಾ ಗಿಡಗಳು ನಾಶವಾದವು, ದುರಸ್ತಿಯ ಹೊಣೆಯೂ ಊರವರ ಕೈಯಿಂದ ಜಾರಿತು. 1974ರ ಭೂಸುಧಾರಣೆಯು ಗೇಣಿದಾರರಿಗೆ ನೆಲದ ಒಡೆತನ ಕೊಟ್ಟದ್ದು ನ್ಯಾಯವಾದ ಕೆಲಸ. ಆದರೆ ಅದುವರೆಗೆ ಭೂಮಾಲೀಕರು ಮುಂದೆ ನಿಂತು ಮಾಡಿಸುತ್ತಿದ್ದ ಕಟ್ಟೆಯ ಕೆಲಸವನ್ನು ಸಣ್ಣಸಣ್ಣ ಹಿಡುವಳಿಗಳ ಹೊಸ ಒಡೆಯರು ಒಟ್ಟಾಗಿ ಹೊರುವ ಏರ್ಪಾಡು ಎಲ್ಲ ಕಡೆಯೂ ಬೇರೂರಲಿಲ್ಲ. ಗಜನಿಯ ಮೀನಿನ ಹಕ್ಕನ್ನು ಹರಾಜಿನಲ್ಲಿ ಹಿಡಿದ ಗುತ್ತಿಗೆದಾರರಿಗೆ ಭತ್ತದ ಮೇಲೆ ಆಸಕ್ತಿಯಿರಲಿಲ್ಲ. ಉಪ್ಪುನೀರನ್ನು ಬೇಗನೆ ಒಳಬಿಟ್ಟರೆ ಶೆಟ್ಲಿಯ ಹಂಗಾಮು ಹಿಗ್ಗುತ್ತದೆ, ಕಗ್ಗ ಸಾಯುತ್ತದೆ. 1990ರ ದಶಕದಲ್ಲಿ ದೇಶದ ಕರಾವಳಿಯಲ್ಲೆಲ್ಲ ಹಬ್ಬಿದ ಸೀಗಡಿ ಕೃಷಿಯ ಭರಾಟೆಯು ಇಲ್ಲಿಗೂ ಬಂದು, ಬಿಳಿಚುಕ್ಕೆ ರೋಗದಿಂದ ಕೆಲವೇ ವರ್ಷಗಳಲ್ಲಿ ಕುಸಿಯಿತು. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಾವಳಿ ನಿಯಂತ್ರಣ ವಲಯದಲ್ಲಿ ಕೈಗಾರಿಕಾ ಮಾದರಿಯ ಸೀಗಡಿ ಕೊಳಗಳನ್ನು ನಿಷೇಧಿಸಿ, ಸಾಂಪ್ರದಾಯಿಕ ಪದ್ಧತಿಗಳಿಗೆ ಮಾತ್ರ ಅವಕಾಶ ಉಳಿಸಿತು. ಅಷ್ಟು ಹೊತ್ತಿಗೆ ಬಹಳಷ್ಟು ಗಜನಿಗಳಲ್ಲಿ ಬೀಜದ ಭತ್ತವೇ ಉಳಿದಿರಲಿಲ್ಲ. ಮಾಣಿಕಟ್ಟೆಯಂತಹ ಕೆಲವೇ ಊರುಗಳ ರೈತರು ಒಗ್ಗಟ್ಟಿನಿಂದ ಕಗ್ಗವನ್ನು ಬಿಡದೆ ಬೆಳೆದರು.

ತದಡಿಯಲ್ಲಿ ದೊಡ್ಡ ಉಷ್ಣವಿದ್ಯುತ್ ಸ್ಥಾವರ ಮತ್ತು ಅನಂತರ ಬೃಹತ್ ಬಂದರು ಕಟ್ಟುವ ಪ್ರಸ್ತಾಪಗಳು ಈ ಶತಮಾನದ ಮೊದಲೆರಡು ದಶಕಗಳಲ್ಲಿ ಬಂದಾಗ ಮೀನುಗಾರರೂ ರೈತರೂ ಪರಿಸರದ ಅಧ್ಯಯನಕಾರರೂ ಅವನ್ನು ವಿರೋಧಿಸಿದರು. 2024ರ ಜನವರಿಯ ಕೊನೆಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶವು ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದ್ದು ಪ್ರಕಟವಾಯಿತು. ಜೌಗುನೆಲಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತವು 1982ರಲ್ಲಿ ಸೇರಿತು. ಆ ಒಪ್ಪಂದವು ಜೌಗುನೆಲವನ್ನು ಮುಟ್ಟದೆ ಇಡಬೇಕೆಂದು ಹೇಳುವುದಿಲ್ಲ, ಅದರ ಸ್ವಭಾವ ಕೆಡದಂತೆ ವಿವೇಕದಿಂದ ಬಳಸಬೇಕೆಂದು ಹೇಳುತ್ತದೆ. ಗಜನಿಯ ಒಕ್ಕಲುಗಳು ಮಾಡುತ್ತ ಬಂದದ್ದು ಅದನ್ನೇ. ಆದ್ದರಿಂದ ಈ ತಾಣದ ಸಂರಕ್ಷಣೆಯ ಯೋಜನೆಯಲ್ಲಿ ಪ್ರವಾಸಿಗರ ದೋಣಿಗಳಿಗೂ ಹಕ್ಕಿಗಳ ಎಣಿಕೆಗೂ ಮೊದಲು ಒಡೆದ ಕಟ್ಟೆಗಳ ದುರಸ್ತಿ, ಕಗ್ಗದ ಬೀಜ ಮತ್ತು ಬಳಚು ಹೆಕ್ಕುವವರ ಹಕ್ಕು ಇವುಗಳಿಗೆ ಸ್ಥಾನ ಸಿಗಬೇಕು. ತೂಬು ತೆರೆಯುವ ಮತ್ತು ಮುಚ್ಚುವ ದಿನವನ್ನು ಗೊತ್ತುಮಾಡಬಲ್ಲ ಹಿರಿಯರು ಇನ್ನೂ ಊರಲ್ಲಿರುವಾಗಲೇ ಆ ಕೆಲಸ ಆರಂಭವಾಗಬೇಕು.