ಎರಡು ಸಲ ಉಳಿದ ದ್ವೀಪ: ಅಲ್ಡಾಬ್ರಾ

ಫ್ರೆಂಡ್ಸ್, ಮ್ಯಾಪ್ ತೆಗೆದು ಮಡಗಾಸ್ಕರ್ ಹುಡುಕಿ. ಅಲ್ಲಿಂದ ಸುಮಾರು 400 ಕಿ.ಮೀ. ವಾಯವ್ಯಕ್ಕೆ ಝೂಮ್ ಮಾಡಿದ್ರೆ ಒಂದು ಹವಳದ ಉಂಗುರ ಕಾಣುತ್ತೆ. ಅದೇ ಅಲ್ಡಾಬ್ರಾ, ಸೇಶೆಲ್ಸ್ ದೇಶದ್ದು. ಸುಮಾರು 1 ಲಕ್ಷ ದೈತ್ಯ ಆಮೆಗಳ ಮನೆ.

1. ಒಂದು ಪತ್ರ
ಹಳೇ ಕಾಲದ ಹಡಗಿನವರಿಗೆ ದೈತ್ಯ ಆಮೆ ಅಂದ್ರೆ ಕೆಡದ ಮಾಂಸ. ನೀರು, ಮೇವು ಇಲ್ಲದೆಯೂ ತಿಂಗಳುಗಟ್ಟಲೆ ಜೀವಂತ ಇರುತ್ತಲ್ಲ! ಹೀಗೆ ತಿಂದೂ ತಿಂದೂ ಹಿಂದೂ ಮಹಾಸಾಗರದ ಎಷ್ಟೋ ದ್ವೀಪಗಳಲ್ಲಿ ಆಮೆಗಳೇ ಖಾಲಿ. 1874ರಲ್ಲಿ ಚಾರ್ಲ್ಸ್ ಡಾರ್ವಿನ್ ಮತ್ತಿತರ ವಿಜ್ಞಾನಿಗಳು ಮಾರಿಷಸ್ ಗವರ್ನರ್‌ಗೆ ಪತ್ರ ಬರೆದು, ಅಲ್ಡಾಬ್ರಾದ ಆಮೆಗಳನ್ನಾದ್ರೂ ಉಳಿಸಿ ಅಂತ ಕೇಳಿಕೊಂಡ್ರು.

2. ಒಂದು ಲೆಕ್ಕ
1960ರ ದಶಕದಲ್ಲಿ ಬ್ರಿಟನ್ ಇಲ್ಲಿ ವಾಯುನೆಲೆ ಕಟ್ಟೋಕೆ ಹೊರಟಿತು. ವಿಜ್ಞಾನಿಗಳು ಜೋರಾಗಿ ವಿರೋಧಿಸಿದ್ರು. 1967ರ ನವೆಂಬರ್‌ನಲ್ಲಿ ಪೌಂಡ್ ಅಪಮೌಲ್ಯ ಆಯ್ತು, ಖರ್ಚಿಗೆ ಕತ್ತರಿ ಬಿತ್ತು, ಯೋಜನೆ ರದ್ದಾಯ್ತು. ಬಿಕಾಂನವರೇ, ನಾವು ಪರೀಕ್ಷೆಗೆ ಬಾಯಿಪಾಠ ಮಾಡೋ ಪದಕ್ಕೂ ಇದರಲ್ಲಿ ಪಾಲಿದೆ! ಆದ್ರೆ ಇನ್ನೊಂದು ಮುಖನೂ ನೋಡಿ: ಸೇನಾನೆಲೆ ಆಮೇಲೆ ಡಿಯೇಗೊ ಗಾರ್ಸಿಯಾದಲ್ಲಿ ಬಂತು, ಅಲ್ಲಿನ ಜನರನ್ನೇ ಒಕ್ಕಲೆಬ್ಬಿಸಿದ್ರು.

3. ಬೇಲಿ ದಾಟಿ ಬರೋ ಬಿಸಿ
1982ರಲ್ಲಿ ಅಲ್ಡಾಬ್ರಾ ಯುನೆಸ್ಕೊ ವಿಶ್ವ ಪರಂಪರೆ ತಾಣವಾಯ್ತು. ಕತ್ತಿ, ಬುಲ್ಡೋಜರ್ ಎರಡನ್ನೂ ಕಾನೂನು ತಡೆಯುತ್ತೆ. ಬಿಸಿ ನೀರನ್ನ? 1998ರಲ್ಲಿ, ಮತ್ತೆ 2016ರಲ್ಲಿ ಸಮುದ್ರ ಕಾದು ಹವಳ ಬೆಳ್ಳಗಾಯ್ತು. ಅಲೆಗಳ ಹೊಡೆತ ತಡೆಯೋದೇ ಆ ಹವಳದ ದಿಬ್ಬ. ದಡದಲ್ಲಿ ಹಸಿರು ಕಡಲಾಮೆ ಮೊಟ್ಟೆ ಇಡುತ್ತೆ. ಮರಳು ಹೆಚ್ಚು ಕಾದಷ್ಟೂ ಹೆಣ್ಣು ಮರಿಗಳೇ ಜಾಸ್ತಿ. ನೆಲದ ಬಹುಭಾಗದ ಎತ್ತರ ಸಮುದ್ರಮಟ್ಟದಿಂದ ಬರೀ 8 ಮೀಟರ್ ಆಸುಪಾಸು.

4. ಮುಳುಗಿ ಎದ್ದ ಕಥೆ
“ಪ್ರಕೃತಿ ತಾನೇ ಸರಿ ಮಾಡ್ಕೊಳ್ಳುತ್ತೆ ಬಿಡು” ಅಂತೀರಾ? ಒಮ್ಮೆ ಹಾಗೇ ಆಗಿದೆ. ಸುಮಾರು 1,36,000 ವರ್ಷಗಳ ಹಿಂದೆ ಇಡೀ ದ್ವೀಪ ಮುಳುಗಿತ್ತು. ಹಾರಲು ಬಾರದ ರೈಲ್ ಹಕ್ಕಿ (ನಮ್ಮ ಕೆರೆಯ ಹುಂಡುಕೋಳಿಯ ದೂರದ ನೆಂಟ) ಅಳಿದೇ ಹೋಯ್ತು. ನೀರು ಇಳಿದ ಮೇಲೆ ಮಡಗಾಸ್ಕರ್‌ನಿಂದ ಅದೇ ಜಾತಿಯ ಹಕ್ಕಿ ಹಾರಿ ಬಂತು. ಸಾವಿರಾರು ವರ್ಷ ಕಳೆದು ಅದರ ಸಂತತಿಯೂ ಹಾರೋದನ್ನ ಬಿಟ್ಟಿತು. ಆಮೆಗಳ ಪೂರ್ವಜರೂ ಆ ಕಡೆಯಿಂದಲೇ ತೇಲಿ ಬಂದವರು.

ಆದ್ರೆ ಮಡಗಾಸ್ಕರ್‌ಗೆ ಮನುಷ್ಯ ಕಾಲಿಟ್ಟ ಮೇಲೆ ಅಲ್ಲಿನ ದೈತ್ಯ ಆಮೆಗಳು ನಿರ್ನಾಮವಾದವು. ಮತ್ತೆ ಮುಳುಗಿದ್ರೆ ತೇಲಿ ಬರೋಕೆ ಅಲ್ಲಿನ ಮೂಲ ಆಮೆಗಳು ಯಾವೂ ಉಳಿದಿಲ್ಲ.

1874ರ ಪತ್ರಕ್ಕೆ ಒಬ್ಬ ಗವರ್ನರ್ ಇದ್ದ. 1967ರ ವಿರೋಧಕ್ಕೆ ಒಂದು ಸರ್ಕಾರ ಇತ್ತು. ಈಗಿನ ಹೊಗೆ ಎಲ್ಲಾ ದೇಶಗಳದ್ದು, ನಮ್ಮದೂ ಸೇರಿ. ನೀವಾಗಿದ್ರೆ ಈ ಸಲ ಪತ್ರ ಯಾರಿಗೆ ಬರೀತಿದ್ರಿ? ಕಾಮೆಂಟ್‌ನಲ್ಲಿ ಹೇಳಿ.